ಅಚ್ಚು ಕೊರೆಯುವವನ ಲೆಕ್ಕ

ಅರಸರನ್ನು ನಾನು ಬಲ್ಲೆ, ಆದರೆ ತಿರುಗುಮುರುಗಾಗಿ.
ನಾಣ್ಯದ ಮೇಲೆ ನೆಟ್ಟಗೆ ಬೀಳಬೇಕಾದರೆ
ಉಕ್ಕಿನಲ್ಲಿ ಹೆಸರನ್ನು ಉಲ್ಟಾ ಕೊರೆಯಬೇಕು.
ಬಲದಿಂದ ಬರೆಯುವ ಲಿಪಿ, ಎಡದಿಂದ ಕೊರೆದೆ,
ನಲವತ್ತು ವರ್ಷ, ಝೇವ್ಕಾನಿ ಕುರ್ದರ ಟಂಕಸಾಲೆಯಲ್ಲಿ,
ವಸಾಕ್ ಎಂಬ ಈ ಅರ್ಮೇನಿಯದವ.

ಮೊದಲನೆಯವನು ಮರ್ಝಬಾನ್. ಕುರಿ ವಾಸನೆಯ ಕಂಬಳಿ ಹೊದ್ದೇ
ಕೋಟೆಯ ಕೀಲಿ ತಗೊಂಡವನು.
ಓದು ಬಾರದು. ಬಿಸಿ ಆರದ ಬೆಳ್ಳಿಯನ್ನು ಅಂಗೈಯಲ್ಲಿಟ್ಟು
"ಇದರಲ್ಲಿ ನಾನೆಲ್ಲಿ?" ಅಂದ.
ತೋರಿಸಿದೆ. ಹೆಬ್ಬೆರಳಿಂದ ಉಜ್ಜಿ ನೋಡಿದ,
ಹೋಗುತ್ತದೋ ಏನೋ ಎಂದು.

ಅವನಾದ ಮೇಲೆ ಹಿರಿಮಗ ಜಸ್ತಾನ್. ಹನ್ನೊಂದು ತಿಂಗಳು.
ಆಮೇಲೆ ತಮ್ಮ ಸುರ್ಖಾಬ್ ಅಣ್ಣನ ಕಣ್ಣಿಗೆ
ಕಾಯಿಸಿದ ಸಲಾಕೆ ಎಳೆಸಿದ.
ಸಲಾಕೆ ಬೇಕೆಂದು ಆಳು ಬಂದದ್ದು ನನ್ನ ಕುಲುಮೆಗೆ.
ಯಾಕೆಂದು ನಾನು ಕೇಳಲಿಲ್ಲ.
ಇದನ್ನು ಪಾದ್ರಿಯ ಮುಂದೂ ಹೇಳಿಲ್ಲ.

ಉಕ್ಕು ದುಬಾರಿ. ಹಾಗಾಗಿ ಹೊಸ ಅಚ್ಚಿಲ್ಲ.
ದೇವರ ಸಾಲು ಇರಲಿ, ಖಲೀಫನ ಸಾಲೂ ಇರಲಿ,
ಕೆಳಗಿನ ಸಾಲನ್ನಷ್ಟೇ ಅರೆದು ತಮ್ಮನನ್ನು ಕೂರಿಸಿದೆ.
ಬೆಳಕಿಗೆ ಓರೆಯಾಗಿ ಹಿಡಿದರೆ ಇವತ್ತಿಗೂ
ಸುರ್ಖಾಬನ ಅಡಿಯಲ್ಲಿ ಜಸ್ತಾನನ ಬಾಲವೊಂದು ಕಾಣುತ್ತದೆ.

ಸುರ್ಖಾಬ್ ಸತ್ತಾಗ ಮಗ ಹಿಲಾಲ್‌ಗೆ ಹಾಲುಹಲ್ಲು ಉದುರುತ್ತಿತ್ತು.
ಆಳಿದವಳು ತಾಯಿ, ಮಾಹ್‌ದುಖ್ತ್.
ಬೇಸಗೆಯ ಹುಲ್ಲುಗಾವಲನ್ನು ಏಳು ಮನೆತನಗಳಿಗೆ
ತಾನೇ ಹಗ್ಗ ಹಿಡಿದು ಅಳೆದು ಕೊಟ್ಟವಳು;
ಆ ಒಂಬತ್ತು ವರ್ಷ ಯಾರೂ ಯಾರ ಬಾವಿಗೂ ಮಣ್ಣು ಹಾಕಲಿಲ್ಲ.
ಹೆಂಗಸಿನ ಹೆಸರನ್ನು ನಾಣ್ಯ ಹೊರುವುದಿಲ್ಲವಂತೆ.
ಅಂಚಿನಲ್ಲಿ, ಮಗನ ಹೆಸರಿನ ಪಕ್ಕ,
ಒಂದು ದಾಳಿಂಬೆ ಮೊಗ್ಗು ಕೊರೆದೆ. ಸಾಸಿವೆಯಷ್ಟು.
ನೋಡಿದಳು. ಏನೂ ಅನ್ನಲಿಲ್ಲ.
ಆ ಸಂಜೆ ನಮ್ಮ ಮನೆಗೆ ತೊಗಲಚೀಲದ ತುಂಬ ಬೆಣ್ಣೆ ಬಂತು.

ಆಮೇಲೆ ತುರ್ಕರ ಕುದುರೆಗಳು.
ಕೋಟೆ ಹೋಯಿತು, ಟಂಕಸಾಲೆ ಹೋಯಿತು, ಹಿಲಾಲ್ ಎಲ್ಲಿಗೋ ಹೋದ.
ಝೇವ್ಕಾನಿಗಳು ಕಪ್ಪು ಗುಡಾರ ಹೇರಿಕೊಂಡು ಬೆಟ್ಟ ಹತ್ತಿದರು,
ಎಂದೂ ಇಳಿದೇ ಇರಲಿಲ್ಲವೆಂಬ ಹಾಗೆ.

ಹೋದ ವಾರ ಸಂತೆಯಲ್ಲಿ ಉಣ್ಣೆ ಮಾರುವ ಹುಡುಗಿ.
ಹಣೆಪಟ್ಟಿಯ ತುಂಬ ನನ್ನ ಬೆಳ್ಳಿ,
ದಾರ ಪೋಣಿಸಲು ಒಂದೊಂದಕ್ಕೂ ತೂತು.
ಮರ್ಝಬಾನನ ನಟ್ಟನಡುವೆ ತೂತು. ಸುರ್ಖಾಬನ ಕತ್ತಿನಲ್ಲಿ ತೂತು.
"ಯಾರ ಹೆಸರಮ್ಮ ಇದು?" ಕೇಳಿದೆ.
"ಹೆಸರೇ? ಎಲ್ಲಿ?" ಎಂದು ತಡಕಿ
ಒಂದರ ಅಂಚಿನಲ್ಲಿ ಉಗುರಿಟ್ಟಳು: "ಹೂವಿದೆ, ಇಲ್ಲಿ."

ಉಣ್ಣೆಗೆ ಎರಡು ಪಟ್ಟು ಬೆಲೆ ಹೇಳಿದಳು.
ಚೌಕಾಸಿ ಮಾಡದೆ ಕೊಟ್ಟೆ.