ಬಗ್ಗಿದವರ ಅಳತೆ

ನನ್ನ ನಕ್ಷೆಯ ಮೇಲೆ ಮಾಬ್ಲ ಆಚಾರಿ
ಚಿರೇಕಲ್ಲಿನ ಒಂದು ಚೂರು ಇಟ್ಟ.
ಗಾಳಿಗೆ ಹಾರದಿರಲಿ ಎಂದಲ್ಲ,
ಕಲ್ಲಿನ ಕೆಳಗೆ ಎರಡನೇ ಮಹಡಿ ಇತ್ತು.

"ಇದು ಹಕ್ಕಿ ನೋಡೂಕಾ,
ಹಕ್ಕಿಗೆ ನಮ್ಮನ್ನ ತೋರ್ಸೂಕಾ?"

ಶಿರಸಿಯ ನನ್ನ ಮೇಜಿನ ಮೇಲೆ ಅದು ಚೆಂದವಿತ್ತು:
ಉಕ್ಕಿನ ಕಾಲು, ಗಾಜಿನ ಕಣ್ಣು, ಸೌರಫಲಕದ ಟೋಪಿ,
ಹಸಿರು ಕಟ್ಟಡ ಎಂಬ ಪ್ರಮಾಣಪತ್ರಕ್ಕೆ
ಬೇಕಾದ ಅಂಕಗಳಿಗಿಂತ ಎರಡು ಹೆಚ್ಚೇ.
ಅಘನಾಶಿನಿಯ ಗಜನಿಗೆ ಇಳಿದಾಗ ಮಾತ್ರ
ಕೆಸರು ನನ್ನ ಒಂದು ಚಪ್ಪಲಿ ಕೇಳಿತು.
ಕೊಟ್ಟೆ.

ಅವನು ಬೇಡ ಅನ್ನಲಿಲ್ಲ.
ಅಮಾಸೆಯ ಭರತ ಇಳಿದ ಮೇಲೆ ದೋಣಿಯಲ್ಲಿ ಕರೆದೊಯ್ದು
ಜಂತ್ರಡಿಯ ಹಳೆಯ ಕಂಬ ತೋರಿಸಿದ:
ಬುಡದಿಂದ ಎದೆಮಟ್ಟದವರೆಗೆ
ಕಲ್ವಾ ಕಚ್ಚಿ ಕೂತಿತ್ತು, ಅದರ ಮೇಲೆ ಏನೂ ಇಲ್ಲ.
"ನೀರು ಬರ್ದದ್ದು. ಓದಿ."
ಬೆರಳಿಟ್ಟು ಓದಿದೆ. ಚಿಪ್ಪು ಬೆರಳು ಕೊಯ್ಯಿತು.
ನಮ್ಮ ನೆಲ ಅಲ್ಲಿಂದ ಎರಡು ಗೇಣು ಮೇಲೆ ಎಂದಾಯಿತು.
ನಕ್ಷೆಯಲ್ಲಿದ್ದ ಮಟ್ಟ ಉಪಗ್ರಹದಿಂದ ಬಂದದ್ದು.

ಮೊಳೆ ಇಲ್ಲ. ಉಪ್ಪುಗಾಳಿ ಮೊಳೆಯನ್ನು
ಎರಡೇ ವರ್ಷಕ್ಕೆ ಬೆಲ್ಲದ ಹಾಗೆ ತಿನ್ನುತ್ತದೆ.
ದೋಣಿ ಹೊಲಿದ ಕೈ ಗೋಡೆಯನ್ನೂ ಹೊಲಿಯಿತು,
ಕತ್ತದ ಹಗ್ಗ, ಸಂದಿಗೆ ತೆಂಗಿನ ನಾರು,
ಮೇಲೆ ಗೇರೆಣ್ಣೆ ಎರಡು ಸಲ;
ಆ ಘಾಟಿಗೆ ನನ್ನ ಕಣ್ಣಲ್ಲಿ ನೀರು, ಅವನ ಬಾಯಲ್ಲಿ ಕವಳ.
ಚಾವಣಿಗೆ, ತಾರಿಬಾಗಿಲಲ್ಲಿ ಹದಿಮೂರು ವರ್ಷದಿಂದ
ಮಗುಚಿ ಬಿದ್ದಿದ್ದ ಯಾರದೋ ದೋಣಿ.
ಯಾರದು ಎಂದು ಕೇಳಿದೆ.
"ನೀರಿಗೆ ಹೋದವಂದು" ಎಂದು
ಉಳಿ ಮಸೆಯುತ್ತ ಕೂತ.
ಮತ್ತೆ ಕೇಳಲಿಲ್ಲ.

ಜಗಳವಾದದ್ದು ಕಿಟಕಿಗೆ.
ರೇಂಜರ್ ಸಾಹೇಬರು ಬೂಟಿನಲ್ಲೇ ನಿಂತು
ತಮ್ಮ ಹುಬ್ಬಿಗೆ ಟೇಪು ಹಿಡಿಸಿದರು: ಐದಡಿ ನಾಲ್ಕಿಂಚು.
ಹೊರಗೆ ಇಳಿತ. ಕೆಸರಿನಲ್ಲಿ ಬೀರಮ್ಮ
ಬಳಚು ಆರಿಸುತ್ತಿದ್ದಳು, ಸೊಂಟದಿಂದ ಎರಡಾಗಿ ಮಡಚಿಕೊಂಡು.
ಅವಳ ಬುಟ್ಟಿಗೆ ಮೂರೇ ಮಾರು ದೂರದಲ್ಲಿ ಗೊರವಗಳು,
ಒಂದಂತೂ ಅವಳ ಹೆಜ್ಜೆಗುಳಿಯಲ್ಲೇ ಕೊಕ್ಕಿಟ್ಟು.
ಬೆನ್ನು ನೀವಿಕೊಳ್ಳಲು ಒಮ್ಮೆ ನೆಟ್ಟಗೆ ನಿಂತಳು ನೋಡಿ,
ಇಡೀ ದಂಡೆ ಎದ್ದು ಹಾರಿತು.
"ಬಗ್ಗಿದ್ರೆ ನಾನೂ ಒಂದು ಕೊಕ್ಕರೆ" ಎಂದಳು,
"ಎದ್ರೆ ಮನುಷ್ಯ ಜಾತಿ."

ಮಾಬ್ಲ ಟೇಪು ಸುತ್ತಿಟ್ಟು
ಅವಳ ಬಗ್ಗಿದ ಕಣ್ಣಿಗೆ ದಾರ ಹಿಡಿದ.
ಎರಡೂಕಾಲು ಅಡಿ. ಅಲ್ಲೊಂದು ಸೀಳು, ಕೈಯಗಲ.
ಕೂರಲು ದೋಣಿಯ ಅಡ್ಡಹಲಗೆ, ಮೊಣಕಾಲು ಎದೆಗೆ.
ಸಾಹೇಬರ ಷರಾ ಈಗಲೂ ಕಡತದಲ್ಲಿದೆ: ಅನಾನುಕೂಲ.

ಬಾಳಿಕೆ ಎಷ್ಟು ವರ್ಷ? ಆ ಕಾಲಂ ಖಾಲಿ ಬಿಡುವಂತಿಲ್ಲ.
"ಐದು ಮಳೆಗಾಲ ಬರೀರಿ."
ಐದೇ?
ಅವನು ಮಂಡಿಯೂರಿ ಗೋಡೆಯ ಸುತ್ತ
ಕಾಂಡ್ಲದ ಕೋಡು ನೆಡುತ್ತ ಹೋದ.
"ಆಮೇಲೆ ಇವೇ ಗೋಡೆ ಆತವೆ. ನಮ್ಮದು ಕರಗ್ಲಿ."
ಐದು ವರ್ಷ ಕಾಲೇಜಿನಲ್ಲಿ ನಿಲ್ಲಿಸುವುದನ್ನು ಕಲಿತೆ;
ಕಟ್ಟಡಕ್ಕೆ ಹೋಗುವುದನ್ನು
ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ಮೂರು ಮಳೆ ಕಳೆದ ಕಾರ್ತಿಕ.
ಒಂದು ಮೂಲೆಯ ಹೊಲಿಗೆ ಬಿಟ್ಟಿದೆ. ಕಾಂಡ್ಲ ನನ್ನ ಭುಜಕ್ಕೆ.
ಅಡ್ಡಹಲಗೆಯ ಕೆಳಗೆ ನೀರುನಾಯಿ
ಮೀನಿನ ಮುಳ್ಳು ಬಿಟ್ಟು ಹೋಗಿದೆ,
ಬಾಡಿಗೆಯೋ ದೂರೋ ತಿಳಿಯದು.
ಮಂಜು. ಸೀಳಿನಲ್ಲಿ ಕೈಯಗಲ ಬೆಳಕು.
ಎಣಿಕೆಯ ಪುಸ್ತಕ ತೆರೆದು ಬರೆಯುತ್ತೇನೆ:
ಗೊರವ ನಲವತ್ತೊಂದು, ಬೆಳ್ಳಕ್ಕಿ ಒಂಬತ್ತು,
ಮೀನುಡೇಗೆ ಒಂದು, ಕಾಲಲ್ಲಿ ಮೀನು.
ಆಚೆ ದಿಬ್ಬದ ಅಂಚಿಗೆ ಬಗ್ಗಿದ್ದು ಇನ್ನೊಂದು,
ಬೂದು, ನಿಧಾನ.
ದುರ್ಬೀನು ತಿರುಗಿಸುವುದಿಲ್ಲ.
ಏಳಲಿ, ಇಲ್ಲವೇ ಹಾರಲಿ.
ಪೆನ್ಸಿಲು ಕಾಯುತ್ತಿದೆ.