ಎರಡು ಗಂಟಿ

ಮುಂಜಾನಿ ಗುಳಗಿ ಬಿಳೇದು, ಗುಂಡಗ.
ಸೋಲಾಪುರದ ಸಿವಿಲ್ ದವಾಖಾನ್ಯಾಗ ಕೊಟ್ಟದ್ದು,
ರಕ್ತದ ಒತ್ತಡಕ್ಕ.
ರಾತ್ರಿ ಗುಳಗಿ ಇನ್ನೂ ಸಣ್ಣದು, ತಿಳಿ ಗುಲಾಬಿ,
ಅಕ್ಕಲಕೋಟದಾಗ ಹತ್ತೂರೆ ಡಾಕ್ಟರು ಬರದದ್ದು,
ಎದ್ಯಾಗಿನ ಆ ಇನ್ನೊಂದಕ್ಕ.

ಅದಕ್ಕ ಮರಾಠ್ಯಾಗ ಏನಂತಾರ ನನಗ ಗೊತ್ತಿಲ್ಲ.
ಇಪ್ಪತ್ತೆರಡು ವರ್ಷ ಮರಾಠ್ಯಾಗ ತಿಕೀಟು ಹರದೀನಿ,
'ಪುಢೆ ಸರಕಾ' ಅಂದೀನಿ, ಚಿಲ್ಲರಕ್ಕ ಜಗಳಾಡೀನಿ.
ಆದ್ರ ಈ ಜೀವ ಝಲ್ ಅನ್ನೂದು
ಕನ್ನಡದಾಗ ಮಾತ್ರ ಅಂತದ.

ದೊಡ್ಡ ದವಾಖಾನ್ಯಾಗ ಸಾಲು ಭಾಳ.
ಮತ್ತೇನರ ಅದ ಏನು ಅಂತ ಕೇಳಿದ್ರು.
ಏನಿಲ್ಲ ಅಂದೆ.
ಏನೂ ಆಗಿದ್ದಿಲ್ಲ, ಖರೇನ.
ಬೋರಿ ಹೊಳಿ ಪೂಲಿನ ಮ್ಯಾಲ
ನೀರು ಮೆಟ್ಟಲತನಕ ಬಂದಿತ್ತು, ಅಷ್ಟ.
ಮೌಲಾ ಗಾಡಿ ಹಿಂದಕ ತಗದ.
ಮೂವತ್ತೊಂಬತ್ತು ಮಂದಿ, ಎರಡು ಆಡು, ಒಂದು ಹಾಲಿನ ಕ್ಯಾನು,
ಎಲ್ಲಾ ಲೆಕ್ಕಕ್ಕ ಸಿಕ್ಕಿತು.
ಸಿಗಲಾರದ್ದೊಂದು ನನ್ನ ಎದ್ಯಾಗ ಕುಂತದ,
ತಿಕೀಟು ತಗೊಂಡಿಲ್ಲ, ಇಳಿಯೂದಿಲ್ಲ.

ಗುಲಾಬಿ ನುಂಗಿದ ಮ್ಯಾಲ ನಿದ್ದಿ ಬಂತು.
ನಿದ್ದಿ ಅಂದ್ರ ನಿದ್ದಿ.
ಮುಂದ ಒಂದಿನ ನಾಲ್ಕೂವರಿಗೆ
ದುಧನಿ ಮೊದಲ ಗಾಡಿಗಂತ ಎದ್ದೆ,
ಮನಿ ನನ್ನಕಿಂತ ತಡಾ ಮಾಡಿ ಎದ್ದಿತು.
ಕಣ್ಣಾಗ ಕತ್ತಲಿ. ಕೊಡ ಉರುಳಿತು, ಮೊಣಕೈ ತರಚಿತು.
ಉಪಾಸ ಮಾಡೀದಿ, ಅಂದಳು ನಾದಿನಿ.
ದೃಷ್ಟಿ ತಾಗ್ಯದ, ಅಂದರು ಮಗ್ಗಲ ಮನ್ಯಾಗ.
ಮತ್ತೊಮ್ಮೆ ಮೈಂದರ್ಗಿ ತಿರುವಿನ್ಯಾಗ
ಸೀಟಿನಿಂದ ಎದ್ದು ಗಂಟಿ ಹಗ್ಗಕ್ಕ ಕೈ ಹಾಕಿದೆ,
ಹಗ್ಗ ಇರೂ ಜಾಗಾದಾಗ ಇರಲಿಲ್ಲ.
ಯಾರದೋ ಜ್ವಾಳದ ಚೀಲದ ಮ್ಯಾಲ ಬಿದ್ದೆ, ಪುಣ್ಯಾ.

ಸ್ಟ್ಯಾಂಡ್ ಎದುರಿನ ಮೆಡಿಕಲ್‌ದಾಗ
ಫಿರ್ದೋಸ್ ಅಂತ ಹೊಸಾ ಹುಡುಗಿ
ಎರಡೂ ಚೀಟಿ ಗಾಜಿನ ಮ್ಯಾಲ
ಒಂದರ ಮಗ್ಗಲಿಗೊಂದು ಇಟ್ಟಳು.
ಎಂಟು ತಿಂಗಳಾತು, ಅಲ್ಲೀತನಕ ಅವು ಭೆಟ್ಟಿ ಆಗಿದ್ದು
ನನ್ನ ರಕ್ತದಾಗ ಮಾತ್ರ.
'ಮಾವಶಿ, ಎರಡೂ ನಿಮ್ಮವಾ?'
'ನನ್ನವ.'
'ಇವರದು ಅವರಿಗೆ, ಅವರದು ಇವರಿಗೆ ಹೇಳೀರೇನು?'
ನಾ ಚೀಲದ ಜಿಪ್ಪು ಹಾಕಿದೆ, ತಗದೆ.

'ಇದು ಒತ್ತಡ ಇಳಸ್ತದ.
ಅದು ಅಂಜಿಕಿ ಇಳಸ್ತದ, ಇಳಸೂ ಮುಂದ
ಒತ್ತಡಾನೂ ಒಂದೀಟು ಇಳಸ್ತದ.
ಎರಡೂ ಕೂಡಿ ಈಗ ನಿಮ್ಮನ್ನ ಇಳಸ್ಯಾವ.'

ನನಗ ತಿಳಿದದ್ದು ಹಿಂಗ:
ಒಂದು ಗಂಟಿ ಅಂದ್ರ ನಿಲ್ಲು, ಎರಡು ಅಂದ್ರ ಹೋಗು.
ಒಂದ ಗಾಡ್ಯಾಗ ಇಬ್ಬರು ಕಂಡಕ್ಟರು,
ಮುಂದಿನಾಕಿ ಒಮ್ಮೆ ಜಗ್ಗಿದಳು, ಹಿಂದಿನಾಕಿ ಒಮ್ಮೆ,
ಇಬ್ಬರೂ ನಿಲ್ಲು ಅಂದದ್ದ.
ಡ್ರೈವರಗ ಕೇಳಿಸಿದ್ದು ಬ್ಯಾರೆ.
ತಪ್ಪು ಯಾರದು ಬರೀಲಿ?

'ಹಂಗಾರ ಗುಲಾಬಿ ಬಿಟ್ಟ ಬಿಡ್ತೀನಿ.'
'ಒಮ್ಮೆಲೆ ಬಿಡಬ್ಯಾಡ್ರಿ, ಅದು ತಿರುಗಿ ಮ್ಯಾಲ ಬರ್ತದ'
ಅಂತ ಡಾಕ್ಟರಿಗೆ ಫೋನು ಹಚ್ಚಿ ನನ್ನ ಕೈಯಾಗ ಕೊಟ್ಟಳು.
ಕೆಮ್ಮಿನ ಔಷಧ ಕೇಳಾಕ ಬಂದ ಮುದುಕ
ಕೆಮ್ಮೂದು ಬಿಟ್ಟು ಕಿವಿ ಕೊಟ್ಟ.
ನಾ ಮರಾಠ್ಯಾಗ ಸುರು ಮಾಡಿ
ನಡುವ, ಆ ಪೂಲಿನ ಹತ್ರ ಬಂದು, ನಿಂತೆ.
ನೀರು ಮೆಟ್ಟಲಕ್ಕ ಬಂದಿತ್ತು.
ಕನ್ನಡದಾಗ ದಾಟಿದೆ.
ಆಕಡೆಯಿಂದ ಹತ್ತೂರೆ ಡಾಕ್ಟರು
'ಹ್ಞೂಂ, ಹೇಳವಾ' ಅಂದರು.
ಎಂಟು ತಿಂಗಳು ಇಬ್ಬರೂ
ಒಬ್ಬರಿಗೊಬ್ಬರು ಹೆದರಿ ಮರಾಠಿ ಆಡಿದ್ವಿ.

ಈಗ ರಾತ್ರೀದು ಅರ್ಧ ಆಗ್ಯದ,
ಸೋಲಾಪುರದ ಕಾಗದದ ಮ್ಯಾಲ ಎರಡೂ ಹೆಸರು ಅವ.
ಏಳೂ ಮುಂದ ಮೊದಲು ಕುಂದರತೀನಿ,
ಕಾಲು ಕೆಳಗ ಬಿಡತೀನಿ,
ಅಕ್ಕಲಕೋಟ, ಮೈಂದರ್ಗಿ, ದುಧನಿ ಅಂತ
ಸ್ಟಾಪು ಎಣಸಿ ಆಮ್ಯಾಲ ನಿಲ್ಲತೀನಿ.
ನಾದಿನಿ ನಗತಾಳ.

ತಿಕೀಟಿಲ್ಲದ್ದು ಇನ್ನೂ ಕುಂತದ.
ನಿನ್ನೆ ಪೂಲಿನ ಮ್ಯಾಲ, ಎಲ್ಲಿಗೆ ಅಂತ ಕೇಳಬೇಕಂದೆ,
ಕೇಳಲಿಲ್ಲ.
ಮೌಲಾ ಕನ್ನಡ್ಯಾಗ ನೋಡಿದ.
ನಾ ಹಗ್ಗ ಹುಡುಕಿ
ಎರಡು ಸಲ ಜಗ್ಗಿದೆ.