ಹೊಗೆಯ ಪಾಲು

ಯಾಕೂತಿಯಾದ ಬೇಸಿಗೆ ಅವಸರದ ನೆಂಟ.
ಜೂನಿನಲ್ಲಿ ಬಂದು, ಆಗಸ್ಟು ಮುಗಿಯುವ ಮೊದಲೇ
ಚಪ್ಪಲಿ ಹುಡುಕುತ್ತದೆ.
ಆದರೆ ಒಂಟಿಯಾಗಿ ಬರುವುದಿಲ್ಲ:
ಕೆರೆಯ ಜೊಂಡಿನಿಂದ, ಒದ್ದೆ ಪಾಚಿಯಿಂದ,
ನಮ್ಮ ನಮ್ಮ ನೆರಳಿನಿಂದಲೇ ಎನ್ನುವ ಹಾಗೆ
ಗುಂಯ್ ಎಂದು ಏಳುತ್ತದೆ ಅದರ ದಿಬ್ಬಣ.

ಹುಲ್ಲು ಕೊಯ್ಯಲು ಬಂದವರು ನಾವು ಏಳು ಮಂದಿ.
ಎರಡು ಗುಡಾರ, ಕೆಮ್ಮುವ ಒಂದು ಟ್ರ್ಯಾಕ್ಟರು,
ಲಾರ್ಚ್ ಹಲಗೆಯ ಮೇಜು, ಅದರ ಕುಂಟುಗಾಲಿಗೊಂದು ಕಲ್ಲು.
ಮೇಜಿನ ಮೇಲೆ ಕೆರೆಯ ಮೀನು, ಹುಳಿಹಾಲು, ಕರಿಚಹಾ.
ಚಹಾದಲ್ಲಿ ನಾಲ್ಕು ಸೊಳ್ಳೆ.
"ನಾಲ್ಕರವರೆಗೆ ಸಕ್ಕರೆಯ ಲೆಕ್ಕ," ಎನ್ನುತ್ತಾನೆ ಗವ್ರೀಲ್ ಮಾವ,
"ಐದಾದರೆ ಚೆಲ್ಲು."

ಕೆಸ್ಕಿಲ್ ಪೇಟೆಯಿಂದ ತಂದಿದ್ದ
ಹಸಿರು ಸುರುಳಿ, ನಿಂಬೆವಾಸನೆಯ ಎಣ್ಣೆ,
ಚಿಟ್ ಚಿಟ್ ಎಂದು ಸುಡುವ ನೀಲಿ ದೀಪ.
ದೀಪಕ್ಕೆ ಮೊದಲು ಕತ್ತಲೆ ಬೇಕಲ್ಲ?
ಇಲ್ಲಿ ನಡುರಾತ್ರಿ ಸೂಜಿಗೆ ದಾರ ಪೋಣಿಸಬಹುದು.
ಎಣ್ಣೆ ಬೆವರಲ್ಲಿ ಇಳಿದು ಮೀನಿಗೆ ಒಗ್ಗರಣೆಯಾಯಿತು.
ಸುರುಳಿಯ ತುದಿಯಲ್ಲೇ ಒಂದು ಸೊಳ್ಳೆ
ಕೂತು ಕಾಲು ಚಾಚಿತ್ತು, ಆಣೆಯಿಟ್ಟು ಹೇಳುತ್ತೇನೆ.

ಕೊನೆಗೆ ಹೊಗೆಯೇ ಗತಿ.
ಹೊಗೆ ಹಾಕುವುದು ನನ್ನ ಪಾಲಿನ ಕೆಲಸ,
ಹನ್ನೊಂದನೆಯ ವಯಸ್ಸಿನಿಂದ.
ಅಡಿಯಲ್ಲಿ ಒಣಗಿದ ಬೆರಣಿ, ನಡುವೆ ಕೆಂಡ, ಮೇಲೆ ಹಸಿಹುಲ್ಲು.
ಉರಿದು ಏಳಬಾರದು, ಆರಲೂಬಾರದು.
ಎರಡು ಮನೆಗಳ ನಡುವಿನ ಹಳೇ ಜಗಳದ ಹಾಗೆ
ಸುಮ್ಮನೆ ಹೊಗೆಯಾಡುತ್ತಿರಬೇಕು.
ಗಾಳಿ ತಿರುಗಿದರೆ ನಾವೂ ತಿರುಗಬೇಕು,
ತಟ್ಟೆ ಹಿಡಿದು, ಬೆಂಚು ಎಳೆದು, ಬೆಂಕಿಯ ಸುತ್ತ;
ಗಂಟಲಲ್ಲಿ ಮೀನಿನ ಮುಳ್ಳು,
ನಾವು ಗಡಿಯಾರದ ಮುಳ್ಳು.
ಒಳಗೆ ಕೂತರೆ ಕಣ್ಣು ಹೋಯಿತು, ಹೊರಗೆ ಕೂತರೆ ಕತ್ತು.

ಫೆವ್ರೋನ್ಯಾ ಅಜ್ಜಿಯ ಕೈಯಲ್ಲಿ ಕುದುರೆಬಾಲದ ಚಾಮರ.
ಹಬ್ಬದ ದಿನ ಮೇಲಿನವರಿಗೆ ಬೀಸಿದ್ದೂ ಅದೇ,
ಈಗ ಮೊಮ್ಮಗುವಿನ ಕಿವಿಯ ಹಿಂದೆ,
ತನ್ನ ಮೊಣಕಾಲಿಗೆ, ಬ್ರೆಡ್ಡಿಗೆ
ಒಂದೇ ಸಮ, ಒಂದೇ ಮರ್ಯಾದೆ.

ಆಗ ಬಂದಳು ಬೂದುಬಣ್ಣದ ಹೆಣ್ಣುಕುದುರೆ,
ಬರ್ಚ್ ಮರಗಳ ನಡುವಿನಿಂದ, ಮರಿಯನ್ನು ಹಿಂದಿಟ್ಟುಕೊಂಡು.
ಕೇಳಲಿಲ್ಲ, ಹೇಳಲಿಲ್ಲ.
ಬೆಂಚನ್ನು ಎದೆಯಿಂದ ಸರಿಸಿ
ಹೊಗೆಯ ನಟ್ಟನಡುವೆ ನಿಂತಳು.
ಹೊಟ್ಟೆಯಡಿ ರಕ್ತದ ಚುಕ್ಕೆಗಳು.
ಮಾವ "ಹೋಯ್!" ಎಂದು ಕೈಯೆತ್ತಿದ.
ಎತ್ತಿದ ಕೈ ಅಲ್ಲೇ ನಿಂತಿತು.
ಅವಳು ಬೀಸಲು ನೋಡುತ್ತಿದ್ದಳು;
ಬೀಸಲು ಅಲ್ಲಿದ್ದದ್ದು ಗೇಣುದ್ದದ ಮೋಟು.
ಮಾರ್ಚಿಯಲ್ಲಿ, ಹಿಮ ಕರಗುವ ಮೊದಲು,
ಕತ್ತರಿ ಹಿಡಿದವನು ಅವನೇ.
ಬಾಲ ಹಿಡಿದವಳು ನಾನು.

ಯಾರೂ ಏನೂ ಆಡಲಿಲ್ಲ.
ಅಜ್ಜಿ ಸೊಂಟಕ್ಕೆ ಕೈಕೊಟ್ಟು ಎದ್ದಳು,
ಹೊಗೆಯೊಳಗೆ ಹೋಗಿ ಚಾಮರ ಬೀಸತೊಡಗಿದಳು
ಕುದುರೆಯ ಬೆನ್ನಿಗೆ, ತೊಡೆಗೆ, ಮರಿಯ ಮೂತಿಗೆ.
"ನಿಂದೇ ಕಣೇ ಇದು," ಅಂದಳೋ,
ಕೆಮ್ಮಿದಳೋ, ಸರಿಯಾಗಿ ಕೇಳಿಸಲಿಲ್ಲ.

ನಾವು ತಟ್ಟೆಗಳೊಂದಿಗೆ ಬಯಲಿಗೆ ಬಂದೆವು.
ದಿಬ್ಬಣ ನಮ್ಮನ್ನು ಎದುರುಗೊಂಡಿತು.
ಮರಿ ಸೀನಿತು.
ಮಾವನ ಚಹಾಕ್ಕೆ ಐದನೆಯದು ಬಿತ್ತು, ಆರನೆಯದೂ.
ಅವನು ಎಣಿಸದೆ ಕುಡಿದ.
"ಕ್ಯುನ್ನೇಯ್," ಹೊಗೆಯೊಳಗಿಂದ ಅಜ್ಜಿಯ ದನಿ,
"ಇನ್ನೆರಡು ಬೆರಣಿ ತಾ."